ಸೈಕಲ್ ಸ್ಟ್ಯಾಂಡಿನ ಒಲೆಗಳು

ಸೆಪ್ಟೆಂಬರ್ 3

ಮಕ್ಕಳಿಗೆ ಹಂಚಲು ಬಂದ ನೋಟ್‌ಬುಕ್ಕುಗಳಲ್ಲಿ ಒಂದನ್ನು ಎತ್ತಿಟ್ಟುಕೊಂಡಿದ್ದೇನೆ. ಹೊಲಿಗೆ ಯಂತ್ರ ಹೊಳೆ ಪಾಲಾದ ಮೇಲೆ ಕೈಗೆ ಕೆಲಸವಿಲ್ಲ, ಕೈಗೆ ಕೆಲಸವಿಲ್ಲದಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಅತ್ತೆಯ ಮೇಲೆ ಹರಿಹಾಯುವ ಬದಲು ಇಲ್ಲಿ ಕೂತು ಗೀಚುವುದು ವಾಸಿ. ಇಲ್ಲಿ ಎಂದರೆ ಟಿಕೆಟ್ ಕೊಡುವ ಗೂಡು. ಬಾಗಿಲು ಹಾಕಿಕೊಂಡರೆ ಒಬ್ಬಳು ಕೂರುವಷ್ಟು ಜಾಗ, ಎದುರಿಗೆ ಕೈ ತೂರುವಷ್ಟು ಕಿಂಡಿ. ಇಷ್ಟು ಚಿಕ್ಕದಾದರೂ ಸರಿ, ನನ್ನದೇ ಅಂತ ಒಂದು ಕೋಣೆ ಇರಬೇಕು ಎಂದು ಮದುವೆಯಾದಾಗಿನಿಂದ ಆಸೆಪಟ್ಟಿದ್ದೆ. ಈಗ ಸಿಕ್ಕಿದೆ, ನೋಡಿ.

ನಮ್ಮ ಬೀದಿಯ ಮನೆಗಳು ಬಿದ್ದ ಮೇಲೆ ಎಲ್ಲರನ್ನೂ ಈ ಮುಚ್ಚಿದ ಟಾಕೀಸಿಗೆ ತಂದು ಹಾಕಿದ್ದಾರೆ. ಕುರ್ಚಿಗಳನ್ನು ಕಿತ್ತಿದ್ದಾರೆ, ನೆಲದ ಇಳಿಜಾರನ್ನು ಕೀಳಲಾಗಿಲ್ಲ. ಹಿಂದಿನವರ ಕೈಯಿಂದ ಜಾರಿದ ಈರುಳ್ಳಿ ಪರದೆಯ ಹತ್ತಿರ ಮಲಗುವವರಿಗೆ ಸೇರಿದ್ದು. ರಾತ್ರಿ ಮಲಗಿದ ಜಾಗದಿಂದ ಬೆಳಗಾಗುವಷ್ಟರಲ್ಲಿ ಮೊಳದುದ್ದ ಕೆಳಗೆ ಬಂದಿರುತ್ತೇವೆ. ಅದಕ್ಕೂ ಅತ್ತೆ ನನ್ನನ್ನೇ ದೂರುತ್ತಾರೆ. ನಾನು ಚಾಪೆ ಹಾಸಿದ್ದು ಸರಿಯಿಲ್ಲವಂತೆ.

ಒಳಗೆ ಬೆಂಕಿ ಹೊತ್ತಿಸುವಂತಿಲ್ಲ. ಅಡುಗೆಯೆಲ್ಲ ಹೊರಗೆ, ತಗಡು ಹೊದೆಸಿದ ಸೈಕಲ್ ಸ್ಟ್ಯಾಂಡಿನಲ್ಲಿ. ಚಕ್ರ ನಿಲ್ಲಿಸುವ ಕಂಬಿಗಳು ಹಾಗೇ ಇವೆ. ಎರಡು ಕಂಬಿಗಳ ನಡುವೆ ಮೂರು ಇಟ್ಟಿಗೆ, ಅದು ಒಂದು ಮನೆಯ ಅಡುಗೆಮನೆ.

ಇವತ್ತು ಪುನರ್ವಸತಿ ಕಚೇರಿಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದರು. ದಿಬ್ಬದ ಮೇಲೆ ಕಟ್ಟುತ್ತಿರುವ ಹೊಸ ಮನೆಗಳನ್ನು ಹಂಚುವುದು ಅವರ ಕೆಲಸ. ಕಾಗದಪತ್ರ ಯಾರ ಹತ್ತಿರವೂ ಉಳಿದಿಲ್ಲವಾದ್ದರಿಂದ ಒಲೆಯನ್ನು ನೋಡುತ್ತಾರಂತೆ.

"ಒಂದು ಒಲೇಲಿ ಬೇಯಿಸಿ ಉಣ್ಣೋರು ಒಂದು ಸಂಸಾರ. ಒಂದು ಸಂಸಾರಕ್ಕೆ ಒಂದು ಮನೆ. ಅಕ್ಕಪಕ್ಕದ ಒಲೆಯವರು ಹೌದು ಅನ್ಬೇಕು, ಅಷ್ಟೇ" ಎಂದರು.

ಕೇಳುವುದಕ್ಕೆ ಚೆನ್ನಾಗಿತ್ತು. ಸಂಜೆಯೊಳಗೆ ಅವರಿಗೆ ಒಲೆ ಮೇಡಂ ಎಂದು ಹೆಸರು ಬಿತ್ತು.

ಸೆಪ್ಟೆಂಬರ್ 6

ಸೈಕಲ್ ಸ್ಟ್ಯಾಂಡಿನಲ್ಲಿ ಒಲೆಗಳು ಮರಿ ಹಾಕುತ್ತಿವೆ.

ಮೊದಲು ಬೇರೆಯಾದದ್ದು ಮೈಕಿನ ಮನೆ. ಆಟೋದಲ್ಲಿ ಮೈಕು ಹಿಡಿದು ಕೂತು ಊರೆಲ್ಲ ಪ್ರಚಾರ ಮಾಡುತ್ತಿದ್ದ ಮನುಷ್ಯ, ಅದಕ್ಕೇ ಆ ಹೆಸರು, ಆಟೋ ಮುಳುಗಿದರೂ ದನಿ ಮುಳುಗಿಲ್ಲ. ಇಲ್ಲಿ ನಾಯಕತ್ವ ವಹಿಸಿಕೊಂಡಿದ್ದಾನೆ. ನಿನ್ನೆಯವರೆಗೆ ಅಣ್ಣತಮ್ಮಂದಿರು ಒಂದೇ ಪಾತ್ರೆಗೆ ಕೈ ಹಾಕುತ್ತಿದ್ದರು. ಇವತ್ತು ಮೂರು ಕಡೆ ಹೊಗೆ. ಬೇರೆಯಾದದ್ದು ಯಾಕೆಂದು ಕೇಳಿದರೆ ಮೂವರೂ ಮೂರು ಕಾರಣ ಹೇಳುತ್ತಾರೆ, ಮೂವರಿಗೂ ನಗು ತಡೆಯಲಾಗುವುದಿಲ್ಲ.

ಮಧ್ಯಾಹ್ನ ಅತ್ತೆ ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದರು.

"ಎಲ್ಲರೂ ಬೇರೆ ಆಗ್ತಿದ್ದಾರೆ. ನಾವೇನು ಕಣ್ಣು ಮುಚ್ಚಿಕೊಂಡು ಕೂತಿರೋದಾ?"

"ನಾವು ಬೇರೆ ಆದ್ರೆ ನಿಮಗೆ ಅನ್ನ ಯಾರು ಮಾಡ್ತಾರೆ?"

"ನನಗೆ ಕೈಯಿಲ್ವಾ? ನೀನು ಹುಟ್ಟೋಕೆ ಮುಂಚಿನಿಂದ ಅನ್ನ ಮಾಡ್ತಿದ್ದೀನಿ." ಆಮೇಲೆ ಬಿಂದಿಗೆಯ ಅಂಚನ್ನು ಒರೆಸುತ್ತಾ ಹೇಳಿದರು, "ನನ್ನದೇ ಒಂದು ಬಾಗಿಲು ಅಂತ ಈ ಜನ್ಮದಲ್ಲಿ ಇರಲಿಲ್ಲ. ಮೊದಲು ಅಪ್ಪನ ಮನೆ, ಆಮೇಲೆ ಮಾವನ ಮನೆ, ಈಗ ಮಗನ ಮನೆ."

ಅವರ ಬಾಯಿಂದ ಇಂಥ ಮಾತು ಕೇಳಿರಲಿಲ್ಲ. ನನ್ನ ಆಸೆಯೇ ಅವರದೂ ಆಗಿತ್ತೆಂದು ತಿಳಿದು ಒಂಥರಾ ಆಯಿತು. ಆದರೂ ಒಳಗೊಳಗೇ ಖುಷಿಯಾದದ್ದನ್ನು ಇಲ್ಲಿ ಮುಚ್ಚಿಡುವುದೇಕೆ. ಅತ್ತೆಗೆ ಒಂದು ಮನೆ, ನಮಗೆ ಒಂದು ಮನೆ. ನಡುವೆ ಒಂದು ರಸ್ತೆಯಾದರೂ ಇರಲಿ ದೇವರೇ ಎಂದುಕೊಂಡೆ.

ಅಕ್ಕಪಕ್ಕದವರು ನಂಬಬೇಕಲ್ಲ, ಅದಕ್ಕೆ ಒಂದು ಜಗಳ ಬೇಕು. ಉಪ್ಪಿನ ವಿಷಯಕ್ಕೆ ಶುರು ಮಾಡುವುದೆಂದು ತೀರ್ಮಾನವಾಯಿತು.

ಸೆಪ್ಟೆಂಬರ್ 7

ಜಗಳ ಮುಗಿಯಿತು.

ಎಲ್ಲರೂ ಒಲೆಯ ಮುಂದಿದ್ದ ಹೊತ್ತು. ಅತ್ತೆ ತಟ್ಟೆ ಕೆಳಗಿಟ್ಟು, "ಈ ಸೊಸೆ ಹಾಕೋ ಉಪ್ಪಿಗೆ ನನ್ನ ನಾಲಿಗೆ ಸತ್ತುಹೋಯ್ತು" ಎಂದರು. ನಾನು, "ಇಷ್ಟು ವರ್ಷ ತಿಂದ ನಾಲಿಗೆಗೆ ಇವತ್ತು ಗೊತ್ತಾಯ್ತಾ" ಎಂದೆ. ಇಲ್ಲಿಯವರೆಗೆ ಮಾತಾಡಿಕೊಂಡ ಹಾಗೇ ಇತ್ತು. ಆಮೇಲೆ ಅವರು ನನ್ನ ಮುಖ ನೋಡದೆ, "ಇವಳು ಕಾಲಿಟ್ಟ ಮೇಲೆ ನನ್ನ ಮನೇಲಿ ನಾನೇ ನೆಂಟಳಾದೆ" ಎಂದುಬಿಟ್ಟರು.

ಅದು ನಾವು ಮಾತಾಡಿಕೊಂಡದ್ದಲ್ಲ.

"ನೆಂಟರಾದರೆ ನೆಂಟರ ಹಾಗೆ ಹೊರಡೋದನ್ನೂ ಕಲೀಬೇಕು" ಎಂದೆ. ಇದೂ ಮಾತಾಡಿಕೊಂಡದ್ದಲ್ಲ.

ಸೌಟುಗಳ ಸದ್ದೆಲ್ಲ ನಿಂತಿತು. ನಮ್ಮವರು ಆಗಷ್ಟೇ ಬಸ್ ಡ್ಯೂಟಿ ಮುಗಿಸಿ ಬಂದು ಕೈ ತೊಳೆಯುತ್ತಿದ್ದರು. ಇದು ನಾಟಕ ಎಂದು ಅವರಿಗೆ ಮೊದಲೇ ಹೇಳಿದ್ದೆವು. ಆದರೂ ತಾಯಿಯ ಮುಖ, ನನ್ನ ಮುಖ ನೋಡಿ ಊಟವನ್ನೇ ಬಿಟ್ಟು ಒಳಗೆ ಹೋದರು. ಅತ್ತೆ ತಮ್ಮ ಪಾಲಿನ ಇಟ್ಟಿಗೆ ತಂದು ಮೂಲೆಯ ಕಂಬಿಗಳ ನಡುವೆ ಇಟ್ಟುಕೊಂಡರು.

ಪಕ್ಕದವರೆಲ್ಲ ಸಲೀಸಾಗಿ ನಂಬಿದರು.

ಸೆಪ್ಟೆಂಬರ್ 10

ಬಾಡಿಗೆಯವಳ ವಿಷಯ ಬರೆಯಬೇಕು.

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮಗಳ ಜೊತೆ ಇದ್ದವಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ, ಶಿಫ್ಟು ಇವತ್ತಿದ್ದ ಹಾಗೆ ನಾಳೆ ಇಲ್ಲ. ಅದಕ್ಕೇ ಅವಳು ಅಕ್ಕಿ, ಬೇಳೆ, ಎಣ್ಣೆ ತಂದು ನನ್ನ ಅಡುಗೆಮನೆಯಲ್ಲಿಡುತ್ತಿದ್ದಳು, ನಾನು ಎರಡು ಮನೆಗೂ ಒಟ್ಟಿಗೆ ಬೇಯಿಸುತ್ತಿದ್ದೆ. ಅವಳು ರಜೆಯ ದಿನ ನಮ್ಮೆಲ್ಲರ ಹೊದಿಕೆ ಒಗೆದು ಹಾಕುತ್ತಿದ್ದಳು. ಮಗು ನನ್ನನ್ನು ದೊಡ್ಡಮ್ಮ ಎನ್ನುತ್ತದೆ. ಇದು ಉಪಕಾರವೂ ಅಲ್ಲ, ವ್ಯಾಪಾರವೂ ಅಲ್ಲ, ಹಾಗೇ ನಡೆದುಕೊಂಡು ಬಂದದ್ದು.

ಇವತ್ತು ಒಲೆ ಮೇಡಂ ಅವಳನ್ನು ಕೇಳಿದರು, "ನಿಮ್ಮ ಒಲೆ ಯಾವುದು?"

"ಅಕ್ಕನ ಒಲೇನೇ ಮೇಡಂ."

"ಅಲ್ಲಿದ್ದಾಗಲೂ?"

"ಅಲ್ಲೂ ಅಷ್ಟೇ. ನನಗೆ ಬೇರೆ ಒಲೆ ಇರಲೇ ಇಲ್ಲ."

ಒಲೆ ಮೇಡಂ ತಲೆಯಾಡಿಸಿ, ಅವಳನ್ನೂ ಮಗುವನ್ನೂ ನನ್ನ ಸಂಸಾರಕ್ಕೆ ಸೇರಿಸಿಕೊಂಡು ಮುಂದಿನ ಒಲೆಗೆ ಹೋದರು. ಆಗಲೂ ಅವಳಿಗೆ ಅರ್ಥವಾಗಲಿಲ್ಲ. ಸಂಜೆ ಯಾರೋ ಬಿಡಿಸಿ ಹೇಳಿದ ಮೇಲೆ ಬಂದಳು.

"ಅಕ್ಕ, ನನಗೆ ಮನೆ ಇಲ್ವಂತೆ. ಮನೆಗಳು ಸಿದ್ಧ ಆದಮೇಲೆ ಟಾಕೀಸಿಗೆ ಬೀಗ ಹಾಕ್ತಾರಂತೆ."

"ಏನಾದ್ರೂ ಮಾಡೋಣ ಬಿಡು" ಎಂದೆ. ಏನು ಮಾಡುವುದೆಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಹೋಗಿ ಅವಳದು ಬೇರೆ ಸಂಸಾರ ಎಂದರೆ ಮೇಡಂ ನಮ್ಮ ಇಡೀ ಅಡುಗೆಮನೆಯ ಕಥೆ ಕೆದಕುತ್ತಾರೆ. ಯಾರ್ಯಾರು ಎಲ್ಲೆಲ್ಲಿ ಉಣ್ಣುತ್ತಿದ್ದರು ಎನ್ನುತ್ತಾರೆ. ಅತ್ತೆಯ ಒಲೆಯ ವಯಸ್ಸು ಎಷ್ಟು ಎಂದು ಆಗ ಗೊತ್ತಾಗುತ್ತದೆ. ಹಾಗಾಗಿ ಎರಡು ದಿನ ತಡೆದು ನೋಡುವುದು ಒಳ್ಳೆಯದು. ಅವಳು ಚಿಕ್ಕವಳು, ಕೆಲಸವಿದೆ. ಎಲ್ಲಿಯಾದರೂ ಒಂದು ಕೋಣೆ ಸಿಕ್ಕೀತು.

ಸೆಪ್ಟೆಂಬರ್ 11

ಊರಲ್ಲಿ ಉಳಿದಿರುವ ಕೋಣೆಗಳ ಬಾಡಿಗೆ ಮುಗಿಲು ಮುಟ್ಟಿದೆಯಂತೆ. ನಮ್ಮವರು ಹೇಳಿದರು. ನಾನು ಕೇಳಿರಲಿಲ್ಲ.

ಸೆಪ್ಟೆಂಬರ್ 13

ಅತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಇಷ್ಟು ದಿನ ನಾನೇ ಬಡಿಸುತ್ತಿದ್ದರಿಂದ ಗಮನಿಸಿರಲಿಲ್ಲ. ಅಕ್ಕಿ ತೊಳೆಯುವಾಗ ಅರ್ಧ ನೆಲಕ್ಕೆ ಹೋಗುತ್ತದೆ. ಬಿಸಿ ಪಾತ್ರೆ ಇಳಿಸುವಾಗ ಕೈ ನಡುಗುತ್ತದೆ. ನನ್ನ ಒಲೆಯಿಂದ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಪಾತ್ರೆ ಇಳಿಸಿಕೊಡಬಹುದು. ಆದರೆ ಮೈಕು ನೋಡುತ್ತಿರುತ್ತಾನೆ, ಅವನ ಹೆಂಡತಿ ನೋಡುತ್ತಿರುತ್ತಾಳೆ. ಬೇರೆಯಾದವರು ಪಾತ್ರೆ ಇಳಿಸಿಕೊಡುತ್ತಾರೆಯೇ.

ಅವರ ಪಾತ್ರೆಗೆ ಉಪ್ಪು ಬೀಳುವುದನ್ನು ನಾನು ನೋಡಲೇ ಇಲ್ಲ. ಅವರು ಕೊಡ ಹಿಡಿದು ನಲ್ಲಿಗೆ ಹೋದಾಗ, ಕಟ್ಟಿಗೆ ತೆಗೆಯುವವಳ ಹಾಗೆ ಹತ್ತಿರ ಹೋಗಿ ಒಂದು ಚಿಟಿಕೆ ಹಾಕಿ ಬಂದೆ. ಉಪ್ಪಿಲ್ಲದ ಗಂಜಿ ಕುಡಿದು ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಓಡುವವಳು ನಾನೇ ತಾನೇ. ಅದಕ್ಕೆ.

ಸೆಪ್ಟೆಂಬರ್ 16

ಬಾಡಿಗೆಯವಳೂ ಮೂರು ಇಟ್ಟಿಗೆ ತಂದು ನನ್ನ ಪಕ್ಕದ ಕಂಬಿಯ ನಡುವೆ ಒಲೆ ಹೂಡಿದಳು. ಹೊತ್ತಿಸುವ ಮೊದಲೇ ಮೈಕು ಬಂದ.

"ಇದೇನು ಹೊಸದು?"

"ನಿಮ್ಮದು ಹಳೇದಾ ಅಣ್ಣ?" ಎಂದಳು.

ಇವಳಿಗೆ ಇಷ್ಟು ಬಾಯಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಆದರೆ ಮೈಕಿಗೆ ಇವಳ ಮೇಲೆ ಮೊದಲೇ ಸಿಟ್ಟಿತ್ತು. ಹೋದ ವಾರ ಒಲೆ ಮೇಡಂ ಇವಳನ್ನು, ಪಕ್ಕದವರದು ಮೂರು ಸಂಸಾರವೇ ಎಂದು ಕೇಳಿದ್ದರಂತೆ. "ಮೊನ್ನೆವರೆಗೂ ಒಂದೇ ಇತ್ತು" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದಾಳೆ. ಇಲ್ಲಿ ಎಲ್ಲರೂ ನೀನು ನನಗೆ ಹೌದನ್ನು, ನಾನು ನಿನಗೆ ಹೌದನ್ನುತ್ತೇನೆ ಎಂದು ನಡೆಸುತ್ತಿರುವಾಗ ಇವಳೊಬ್ಬಳು ಹೀಗೆ. ಮೈಕಿನ ಒಂದು ಒಲೆ ಲೆಕ್ಕದಿಂದ ಬಿದ್ದುಹೋಯಿತು.

"ಬಾಡಿಗೆಯವರು ಗಂಟುಮೂಟೆ ಕಟ್ಟಿದ್ರೆ ಇನ್ನೊಂದು ಊರು. ಬಿದ್ದಿದ್ದು ನಮ್ಮ ಗೋಡೆ, ಇವರದ್ದಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಕಾಲಿನಿಂದ ಇಟ್ಟಿಗೆಯನ್ನು ಆಚೆ ತಳ್ಳಿದ. ಎಲ್ಲರೂ ತಮ್ಮ ತಮ್ಮ ಒಲೆ ಊದುತ್ತಿದ್ದರು. ನಾನೂ ಈರುಳ್ಳಿ ಹೆಚ್ಚುತ್ತಿದ್ದೆ.

ಅವಳು ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸಿಟ್ಟಳು. ಆಮೇಲೆ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು.

"ಅಕ್ಕ, ಮೇಡಂ ನಿಮ್ಮ ವಿಷಯಾನೂ ಕೇಳಿದ್ರು. ಅತ್ತೆ ಸೊಸೆ ಮೊದಲಿಂದಾನೂ ಬೇರೇನಾ ಅಂತ."

ಚಾಕು ನಿಂತಿತು.

"ನಾನು ಯಾವಾಗ್ಲೂ ಡ್ಯೂಟೀಲಿರ್ತಿದ್ದೆ, ಗೊತ್ತಿಲ್ಲ ಅಂದೆ. ಸುಳ್ಳು ಹೇಳಿ ಅಭ್ಯಾಸ ಇಲ್ಲ ನೋಡಿ, ಕೈಯೆಲ್ಲ ಬೆವರಿತು."

ಮಗು ನನ್ನ ತಟ್ಟೆಯಿಂದ ಒಂದು ಈರುಳ್ಳಿ ಚೂರು ಎತ್ತಿ ತಿಂದು ಮುಖ ಕಿವಿಚಿತು. ನಾನು ಎದ್ದು ಬಂದುಬಿಟ್ಟೆ. ನಮಗಾಗಿ ಸುಳ್ಳು ಹೇಳು ಎಂದು ಇವಳನ್ನು ಯಾರು ಕೇಳಿದ್ದರು. ಬೆಳಗ್ಗೆಯಿಂದ ಯಾರ ಮೇಲೆಂದು ಗೊತ್ತಿಲ್ಲದೆ ಸಿಟ್ಟು ಬರುತ್ತಿದೆ. ನಮ್ಮವರ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅವರು, "ನನ್ನ ಊಟ ಇವತ್ತು ಯಾವ ಒಲೇಲಿ ಅಂತ ಕೇಳಿದ್ದು ತಪ್ಪಾ" ಎಂದರು.

ಸೆಪ್ಟೆಂಬರ್ 19

ಪರದೆಗೆ ಪಟ್ಟಿ ಅಂಟಿಸಿದ್ದಾರೆ. ನಮಗೆ ಮನೆ ಖಾತ್ರಿ. ಮೈಕಿಗೆ ಎರಡು. ಎಲ್ಲ ಹಂಚಿ ಒಂದೇ ಒಂದು ಮನೆ ಉಳಿದಿದೆ. ಅದಕ್ಕೆ ಅತ್ತೆಯ ಒಲೆ, ಬಾಡಿಗೆಯವಳು ತಾನೇ ಹೋಗಿ ಕೊಟ್ಟ ಅರ್ಜಿ, ಎರಡೇ ಇರುವುದು. ಸೋಮವಾರ ಊಟದ ಹೊತ್ತಿಗೆ ಮೇಡಂ ಬಂದು ನೋಡಿ ತೀರ್ಮಾನಿಸುತ್ತಾರಂತೆ. ಬಾಡಿಗೆಯವಳ ಪರವಾಗಿ ಅವಳ ಪಕ್ಕದ ಒಲೆಯವರು ಹೌದೆನ್ನಬೇಕು.

ಅವಳ ಪಕ್ಕದ ಒಲೆ ನನ್ನದು.

ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಇಲ್ಲವೆನ್ನಬಹುದಿತ್ತು. ಡ್ಯೂಟಿಗೆ ಹೋಗುವಾಗ ಎಂದಿನಂತೆ ಮಗುವನ್ನು ನನ್ನ ಚಾಪೆಯ ಮೇಲೆ ಕೂರಿಸಿ, "ದೊಡ್ಡಮ್ಮನಿಗೆ ತೊಂದ್ರೆ ಕೊಡಬೇಡ" ಎಂದು ಹೋದಳು.

ಅತ್ತೆ ಮಾತ್ರ ಬಹಳ ಹುರುಪಿನಲ್ಲಿದ್ದಾರೆ. ಬಾಗಿಲಿಗೆ ಹಸಿರು ಬಣ್ಣ ಬಳಿಸುತ್ತಾರಂತೆ. ಹೊಸಿಲ ಮೇಲೆ ಕೂತು ಬಂದವರನ್ನು ಒಳಗೆ ಕರೆಯಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುತ್ತಾರಂತೆ. ಇದನ್ನೆಲ್ಲ ಮಗನಿಗೆ ಹೇಳುತ್ತಿದ್ದರು, ನನಗಲ್ಲ. ಜಗಳವಾದಾಗಿನಿಂದ ಅವರು ನನ್ನೊಂದಿಗೆ ಮಾತಾಡುವುದು ಜನರೆದುರು ಬೈಯುವಾಗ ಮಾತ್ರ.

ಇವತ್ತೂ ಅವರ ಪಾತ್ರೆಗೆ ಉಪ್ಪು ಹಾಕಿ ಬಂದೆ. ಅವರು ಉಂಡರು, ನೀರು ಬಹಳ ಕುಡಿದರು.

ಸೆಪ್ಟೆಂಬರ್ 21

ಗೂಡಿನಲ್ಲಿ ಕೂತಿದ್ದೇನೆ. ಬರೆಯಲು ಏನೂ ತೋಚುತ್ತಿಲ್ಲ. ನಾಳೆ ಹೌದೆಂದರೆ ಅತ್ತೆಯ ಬಾಗಿಲು ಹೋಯಿತು. ಇಲ್ಲವೆಂದರೆ ಅವಳೂ ಮಗುವೂ ಬೀದಿಗೆ. ನಾನು ಏನೂ ಹೇಳದೆ ಸುಮ್ಮನಿದ್ದರೂ ಅದು ಇಲ್ಲವೆಂದ ಹಾಗೇ.

ಎಲ್ಲರೂ ಮಾಡಿದ್ದನ್ನೇ ನಾವೂ ಮಾಡಿದ್ದು. ನಾವೊಬ್ಬರೇ ಏಕೆ ಲೆಕ್ಕ ಕೊಡಬೇಕು.

ಕಿಂಡಿಯಿಂದ ಗೋಡೆಗೆ ಒರಗಿಸಿಟ್ಟ ಆ ಮೂರು ಇಟ್ಟಿಗೆಗಳು ಕಾಣುತ್ತವೆ. ಜಾಗ ಬದಲಿಸಿ ಕೂತೆ, ಆದರೂ ಕಾಣುತ್ತವೆ.

ಸೆಪ್ಟೆಂಬರ್ 22

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಒಲೆ ಮೇಡಂ ಸರಿಯಾಗಿ ಊಟದ ಹೊತ್ತಿಗೆ ಬಂದರು. ಜನ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಸುತ್ತ ನಿಂತರು. ಮೈಕು ಮುಂದೆ. ಅತ್ತೆ ಮೂಲೆಯಲ್ಲಿ ತಮ್ಮ ಒಲೆಯ ಮುಂದೆ, ಒಗೆದ ಸೀರೆ ಉಟ್ಟು, ಪರೀಕ್ಷೆಗೆ ಕೂತವರ ಹಾಗೆ ಕೂತಿದ್ದರು. ಬಾಡಿಗೆಯವಳು ಮಗುವಿನ ಕೈ ಹಿಡಿದು ಗೋಡೆಯ ಹತ್ತಿರ ನಿಂತಿದ್ದಳು. ನಾನು ನನ್ನ ಒಲೆಯಿಂದ ಆಗಷ್ಟೇ ಅನ್ನ ಇಳಿಸಿದ್ದೆ.

ಮೇಡಂ ನನ್ನ ಕಡೆ ತಿರುಗಿದರು. "ನೀವು ಹೇಳಿ. ಇವರು ನಿಮ್ಮ ಜೊತೆಯವರಾ, ಬೇರೆ ಸಂಸಾರಾನಾ?"

"ಹೇಳೋಕೇನಿದೆ ಮೇಡಂ, ಇವರ ಒಲೇಲೇ ತಿಂದ್ಕೊಂಡಿದ್ದವಳು" ಎಂದ ಮೈಕು.

"ನಿಮ್ಮನ್ನ ಕೇಳಿಲ್ಲ."

ಏನು ಹೇಳಿದರೂ ಅದರ ಹಿಂದೆ ಇನ್ನೊಂದು ಪ್ರಶ್ನೆ ಬರುತ್ತದೆ ಎನ್ನುವುದು ಗೊತ್ತಿತ್ತು. ಆಮೇಲೆ ನನಗೇ ತಿಳಿಯದೆ ಎದ್ದು ನಿಂತಿದ್ದೆ. ಕೈಯಲ್ಲಿದ್ದ ಸೌಟನ್ನು ಬಾಡಿಗೆಯವಳ ಕೈಗೆ ಕೊಟ್ಟೆ.

"ಈ ಒಲೆ ಇವಳದು ಮೇಡಂ" ಎಂದೆ.

"ಹಾಗಾದ್ರೆ ನಿಮ್ಮದು?"

ಖಾಲಿ ತಟ್ಟೆ ಎತ್ತಿಕೊಂಡು ಮೂಲೆಯ ಕಡೆಗೆ ನಡೆದೆ. ಜನ ದಾರಿ ಬಿಟ್ಟರು. ಆ ನಾಲ್ಕು ಹೆಜ್ಜೆ ಇಡುವುದರೊಳಗೆ ನಾನು ಹೆದರಿದ್ದು ಮೇಡಂಗಲ್ಲ, ಮೈಕಿಗಲ್ಲ, ಅತ್ತೆಗೆ. ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ಅವರ ಹಸಿರು ಬಾಗಿಲನ್ನು ಅವರನ್ನು ಕೇಳದೆಯೇ ಕೊಟ್ಟುಬಿಟ್ಟಿದ್ದೆ. ಇವಳು ಯಾರೋ, ಹೊರಟುಹೋದವಳು ಎಂದು ಅವರು ಅಂದರೆ ಮುಗಿಯಿತು. ಅನ್ನುವ ಹಕ್ಕೂ ಅವರಿಗಿತ್ತು.

ಅವರ ಎದುರು ಕೂತು ತಟ್ಟೆ ಮುಂದಿಟ್ಟೆ.

ಅತ್ತೆ ನನ್ನನ್ನು ನೋಡಿದರು. ಆಮೇಲೆ ಗೋಡೆಯ ಹತ್ತಿರ ಸೌಟು ಹಿಡಿದು ನಿಂತಿದ್ದವಳನ್ನು ನೋಡಿದರು. ಅವಳ ಪಕ್ಕದ ಮಗು ಕಾಣಿಸಿತೋ ಇಲ್ಲವೋ, ಅಷ್ಟು ದೂರಕ್ಕೆ ಅವರ ಕಣ್ಣು ಸಾಲದು. ಮಗು "ಅಜ್ಜಿ" ಎಂದು ಕೂಗಿತು, ಸುಮ್ಮನೆ, ದಿನಾ ಕೂಗುವ ಹಾಗೆ.

ಮೇಡಂ ಹತ್ತಿರ ಬಂದು ಬಗ್ಗಿದರು. "ಅಮ್ಮ, ಇವರು ನಿಮ್ಮ ಜೊತೇನಾ? ನಿಧಾನವಾಗಿ ಯೋಚನೆ ಮಾಡಿ ಹೇಳಿ."

ಅತ್ತೆ ಪಾತ್ರೆಯ ತಳ ಕೆರೆದು ನನ್ನ ತಟ್ಟೆಗೆ ಬಡಿಸಿದರು.

"ಇಪ್ಪತ್ತು ವರ್ಷದಿಂದ ನನ್ನ ತಲೆ ತಿಂತಿದ್ದಾಳೆ. ಬೇರೆಯವಳಾಗಿದ್ರೆ ಬಿಡ್ತಿದ್ನಾ?" ಎಂದರು. ಆಮೇಲೆ ನನಗೆ, "ತಿನ್ನು. ತಣ್ಣಗಾಗುತ್ತೆ."

ತಿಂದೆ. ಬಾಯಿಗಿಡಲಾಗದಷ್ಟು ಉಪ್ಪು. ಕಣ್ಣಲ್ಲಿ ನೀರು ಬಂತು, ಉಪ್ಪಿಗೇ ಬಂತು ಎಂದು ನೋಡಿದವರು ತಿಳಿಯಲಿ. ಪೂರ್ತಿ ತಿಂದು ತಟ್ಟೆ ತೊಳೆದೆ. ಆಗ ಮೇಡಂ ಬಾಡಿಗೆಯವಳ ಹತ್ತಿರ ಹೋಗಿ, ಉಳಿದ ಮನೆಗೆ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು. ಮೈಕು ಏನೋ ಹೇಳಲು ಬಂದ. ಮೇಡಂ, "ನಿಮ್ಮ ಎರಡು ಒಲೆ ಬಗ್ಗೆ ಬೇಕಾದ್ರೆ ಇನ್ನೊಂದ್ಸಲ ಕೂತು ಮಾತಾಡೋಣ" ಎಂದಾಗ ದನಿ ಅಡಗಿತು.

ಸೆಪ್ಟೆಂಬರ್ 24

ಅತ್ತೆ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಇವತ್ತು ನಲ್ಲಿಯ ಹತ್ತಿರ ನಾನೇ ಹೋಗಿ ನಿಂತೆ. ನಿಮ್ಮನ್ನು ಕೇಳದೆ ಮಾಡಿದೆ ಎಂದೆ.

"ಹೌದು, ಕೇಳಲಿಲ್ಲ" ಎಂದರು. "ಕೇಳಿದ್ರೆ ಆಗಲ್ಲ ಅಂತಿದ್ದೆ."

ಬಿಂದಿಗೆಯ ಅಂಚು ಒರೆಸಿ ನಲ್ಲಿಯ ಕೆಳಗಿಟ್ಟರು.

"ಇನ್ಮೇಲೆ ಉಪ್ಪು ಒಬ್ಬರೇ ಹಾಕೋಣ" ಎಂದರು. "ನಾನು ಹಾಕಿಟ್ಟು ನೀರಿಗೆ ಬರ್ತಿದ್ದೆ. ಹಿಂದಿನಿಂದ ನೀನು ಬಂದು ಹಾಕ್ತಿದ್ದೆ."

"ಗೊತ್ತಿದ್ರೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ನನ್ನ ಒಲೆ ಹತ್ರ ಬರೋದು ಬಿಡ್ತಿದ್ದೆ."

ಬಿಂದಿಗೆ ನಾನೇ ಎತ್ತಿಕೊಂಡೆ.

ಅಕ್ಟೋಬರ್ 12

ಹೊಸ ಮನೆಗೆ ಬಂದು ಮೂರು ದಿನವಾಯಿತು. ಎರಡು ಕೋಣೆ, ಒಂದು ಅಡುಗೆಮನೆ. ನೆಲ ಸಮನಾಗಿದೆ, ಬಿದ್ದ ಈರುಳ್ಳಿ ಬಿದ್ದಲ್ಲೇ ಇರುತ್ತದೆ. ಟಿಕೆಟ್ ಗೂಡಿನಷ್ಟು ಜಾಗವೂ ನನಗೆಂದು ಬೇರೆ ಸಿಗಲಿಲ್ಲವಾದ್ದರಿಂದ ಹೊಸಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಗಿಲಿಗೆ ನಮ್ಮವರು ಇವತ್ತು ಹಸಿರು ಬಣ್ಣ ಬಳಿದರು. ಯಾರನ್ನು ಒಳಗೆ ಕರೆಯಬೇಕು ಎನ್ನುವುದು ಇನ್ನು ಅತ್ತೆಯ ತೀರ್ಮಾನ, ನಾನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಬೆಳಗ್ಗೆಯೇ ಎರಡು ಸಲ ಹಾಕಿ ಬೈಸಿಕೊಂಡೆ.

ಇನ್ನು ಬಾಡಿಗೆಯವಳು ಎನ್ನುವಂತಿಲ್ಲ, ತಂಗಿಯ ಮನೆ ಸಾಲಿನ ಕೊನೆಯಲ್ಲಿದೆ. ಅವಳ ಹೊಸ ಒಲೆಯ ಇಟ್ಟಿಗೆಗೆ ಇನ್ನೂ ಮಸಿ ಹಿಡಿದಿಲ್ಲ. ಸಂಜೆ ಒಂದು ಕೈಯಲ್ಲಿ ಅಕ್ಕಿಯ ಚೀಲ, ಇನ್ನೊಂದು ಕೈಯಲ್ಲಿ ಮಗು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಅಕ್ಕ, ಇವತ್ತಿಂದ ಮತ್ತೆ ಶಿಫ್ಟು ಬದಲಾಯ್ತು."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಕ್ಕಿಯ ಚೀಲ ಇಸಿದುಕೊಂಡರು. "ಬೇಗ ಒಳಗೆ ಬಾ. ಬಾಗಿಲು ಹಾಕು, ಆ ಒಲೆ ಮೇಡಂ ಗಿಲೆ ಮೇಡಂ ಬಂದು ನೋಡಿಯಾರು" ಎಂದರು.

ಬಾಗಿಲು ಹಾಕಿದಳು. ಕೈಯೆಲ್ಲ ಹಸಿರು ಬಣ್ಣವಾಯಿತು.